ಸರದಿಯಲ್ಲಿ ನಿಂತವನ ಹರಕೆ

ಎಲ್ಲರಿಗೂ ಸಾಲದಷ್ಟೇ ಇರುವ ಒಂದನ್ನು ನನಗೇ ಕೊಡು ಎಂದು ದೇವರನ್ನು ಕೇಳಬಹುದೇ? ನನಗೆ ಸಿಕ್ಕರೆ ಪಕ್ಕದವನಿಗೆ ತಪ್ಪುತ್ತದೆ ಎಂದು ಗೊತ್ತಿದ್ದೂ ಕೈ ಮುಗಿದರೆ ಅದು ಪ್ರಾರ್ಥನೆಯೇ, ಇಲ್ಲ ಬರೀ ಆಸೆಯೇ? ಈ ಪ್ರಶ್ನೆ ನನಗೆ ಎದುರಾದದ್ದು ದಿಲ್ಲಿ ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ, ಪೈಲಟ್‌ಗಳ ನೇಮಕಾತಿ ಮೇಳದಲ್ಲಿ.

ನಾನು ತಾಳವಾಡಿ ಫಿರ್ಕಾದ ದೊಡ್ಡಗಾಜನೂರಿನವನು. ಏರ್‌ಬಸ್ ಎ320 ವಿಮಾನದಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್ ಆಗಿದ್ದೆ. ಇದ್ದ ಸಂಸ್ಥೆ ನಿಂತುಹೋಯಿತು. ಸಂಬಳ ಬಾಕಿ ಉಳಿಯಿತು, ತರಬೇತಿಗೆ ಮಾಡಿದ ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬಂದು ನಿಲ್ಲುತ್ತಿತ್ತು. ಮೇಳಕ್ಕೆ ಹೊರಡುವ ಮುಂಚೆ ಅವ್ವ ಫೋನಿನಲ್ಲಿ ಹೇಳಿದಳು: "ಮಾದಪ್ಪನ್ಗೆ ಹರಸ್ಕೊಂಡಿವ್ನಿ ಕನ ಮಗ. ನಿಂಗೆ ಕೆಲ್ಸ ಸಿಕ್ರೆ ನಡ್ಕೊಂಡೇ ಬೆಟ್ಟಕ್ಕೆ ಬತ್ತೀನಿ ಅಂದಿವ್ನಿ."

ಮೇಳ ನಡೆದ ಹೋಟೆಲಿನ ಹಾಲಿನಲ್ಲಿ ಹಿಂದಿನ ರಾತ್ರಿ ಯಾರದೋ ಆರತಕ್ಷತೆ ಆಗಿತ್ತು. ಕುರ್ಚಿಗಳಿಗೆ ತೊಡಿಸಿದ್ದ ಬಿಳಿ ಬಟ್ಟೆ ಹಾಗೇ ಇತ್ತು, ಕಾರ್ಪೆಟ್ಟಿನ ಅಂಚಿನಲ್ಲಿ ಬಾಡಿದ ಹೂವಿನ ಎಸಳುಗಳಿದ್ದವು. ಬಾಗಿಲಲ್ಲಿ ಟೋಕನ್ ಕೊಡುತ್ತಿದ್ದರು. ಎಲ್ಲರ ಕೈಯಲ್ಲೂ ಒಂದೇ ತರದ ಫೈಲು: ಲೈಸೆನ್ಸ್, ಕ್ಲಾಸ್ 1 ಮೆಡಿಕಲ್, ರೇಡಿಯೋ ಪರವಾನಗಿ, ಲಾಗ್‌ಬುಕ್. ಅರ್ಜಿಯಲ್ಲಿ ಒಟ್ಟು ಎಷ್ಟು ಗಂಟೆ ಹಾರಿದ್ದೀರಿ ಎಂಬ ಅಂಕಣವಿತ್ತು, ಅದರ ಕೆಳಗೆ ಕೊನೆಯ 90 ದಿನಗಳಲ್ಲಿ ಎಷ್ಟು ಎಂಬುದು. ಈ 90 ದಿನದ ಲೆಕ್ಕ ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತು. ಅಷ್ಟರೊಳಗೆ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವಂತಿಲ್ಲ. ಮತ್ತೆ ಸಿಮ್ಯುಲೇಟರಿನಲ್ಲಿ ಕೈ ತಿದ್ದಿಸಿಕೊಳ್ಳಬೇಕು. ಹಾಲಿನಲ್ಲಿದ್ದ ಬಹಳಷ್ಟು ಜನ ಆ ಅಂಕಣದಲ್ಲಿ ಸೊನ್ನೆ ಬರೆದರು.

ನನ್ನ ಮುಂದಿನ ಕುರ್ಚಿಯಲ್ಲಿ ಕೂತಿದ್ದವರು ನನಗೆ ಕಲಿಸಿದ ಕ್ಯಾಪ್ಟನ್. ಅಡ್ಡಗಾಳಿಯಲ್ಲಿ ವಿಮಾನ ಇಳಿಸುವುದನ್ನು ನನ್ನ ಕೈಗೆ ಹತ್ತಿಸಿದವರು. ಅವರ ಲಾಗ್‌ಬುಕ್ ದಪ್ಪ ರಟ್ಟಿನದು, ಮೂಲೆಗಳು ಸವೆದಿದ್ದವು. ಪುಟ ತಿರುವಿದಂತೆ ಒಳಗಿನ ಸೀಲುಗಳು ಬದಲಾಗುತ್ತಿದ್ದವು. ಮೊದಲು ಒಂದು ಸಂಸ್ಥೆ, ಅದು ಮುಚ್ಚಿದ ಮೇಲೆ ಇನ್ನೊಂದು, ಅದೂ ಮುಚ್ಚಿದ ಮೇಲೆ ಮತ್ತೊಂದು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ನಿಂತದ್ದು, 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತದ್ದು ನಮಗೆಲ್ಲ ಓದಿ ಗೊತ್ತಿದ್ದ ಸಂಗತಿ. ಅವರಿಗೆ ಅದು ಸೀಲಿನ ಮಸಿಯ ಬಣ್ಣ. ಅವರಿಗೆ ಅರವತ್ತು ಹತ್ತಿರ. 65 ದಾಟಿದರೆ ಪ್ರಯಾಣಿಕರ ವಿಮಾನ ಹಾರಿಸುವಂತಿಲ್ಲ. ಹಾಗಾಗಿ ಅವರನ್ನು ತೆಗೆದುಕೊಳ್ಳುವ ಸಂಸ್ಥೆ ಮೊದಲು ಎಣಿಸುವುದು ಉಳಿದ ವರ್ಷಗಳನ್ನು.

ಆಗಲೇ ನನಗೆ ಅವ್ವನ ಹರಕೆ ನೆನಪಾಗಿದ್ದು. ಅದೇ ಹಾಲಿನಲ್ಲಿ ನನ್ನ ಜೊತೆಗೇ ಅರ್ಜಿ ಹಾಕಿದ್ದ ಇನ್ನೊಬ್ಬ ಫಸ್ಟ್ ಆಫೀಸರನ ಅವ್ವನೂ ತನ್ನ ಊರ ದೇವರಿಗೆ ಹರಸಿಕೊಂಡಿದ್ದಳು. ಅವನೇ ಹೇಳಿದ. ಇಬ್ಬರೂ ಒಂದೇ ಹುದ್ದೆಗೆ ಬಂದವರು.

ಪೈಲಟ್ ಕೆಲಸದ ಪೇಟೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನ ಕೊಳ್ಳುವುದಾಗಿ ಘೋಷಿಸಿತು. ಜೂನಿನಲ್ಲಿ ಇಂಡಿಗೋ ಒಂದೇ ಏಟಿಗೆ 500 ವಿಮಾನಗಳಿಗೆ ಬೇಡಿಕೆ ಇಟ್ಟಿತು. ಈ ಎರಡರ ನಡುವೆ, ಮೇ 3ರಂದು, ಗೋ ಫಸ್ಟ್ ಹಾರಾಟ ನಿಲ್ಲಿಸಿತು. ದೇಶದಲ್ಲಿ ಪೈಲಟ್‌ಗಳೇ ಇಲ್ಲ ಎಂದು ಪತ್ರಿಕೆಗಳು ಬರೆಯುತ್ತಿದ್ದ ದಿನಗಳಲ್ಲೇ ಪೈಲಟ್‌ಗಳು ಫೈಲು ಹಿಡಿದು ಅಲೆಯುತ್ತಿದ್ದರು. ಎರಡೂ ನಿಜ. ವಿಮಾನಗಳು ಬರುವುದು ವರ್ಷಗಟ್ಟಲೆ ಬಿಡಿಬಿಡಿಯಾಗಿ. ಕೊರತೆ ಇರುವುದು ಕಮಾಂಡರ್‌ಗಳದ್ದು. ಆ ಮಟ್ಟದ ಲೈಸೆನ್ಸಿಗೇ 1500 ಗಂಟೆ ಬೇಕು, ಕಮಾಂಡರ್ ಕೂರುವ ಎಡಗಡೆಯ ಸೀಟಿಗೆ ಅದಕ್ಕಿಂತ ಹೆಚ್ಚು ಅನುಭವ ಕೇಳುತ್ತಾರೆ. ಕೆಳಗಡೆ, 200 ಗಂಟೆ ಹಾರಿ ಕಮರ್ಷಿಯಲ್ ಲೈಸೆನ್ಸ್ ಪಡೆದ ಹುಡುಗ ಹುಡುಗಿಯರು ಮನೆಯಲ್ಲಿ ಕಾಯುತ್ತಾರೆ, ಏಕೆಂದರೆ ಸಂಸ್ಥೆಗೆ ಬೇಕಾದದ್ದು ನಾಳೆಯೇ ಡ್ಯೂಟಿಗೆ ಹಾಕಬಲ್ಲ ಕೈ. ಅಂಥ ಪಳಗಿದ ಕೈಗಳು ಒಟ್ಟಿಗೆ ಸಿಗುವುದು ಯಾವಾಗ? ಇನ್ನೊಂದು ಸಂಸ್ಥೆ ಬಾಗಿಲು ಹಾಕಿದಾಗ. ಗೋ ಫಸ್ಟ್ ನಿಂತ ಬೆನ್ನಿಗೇ ಅದರ ಪೈಲಟ್‌ಗಳು ಬೇರೆ ಸಂಸ್ಥೆಗಳ ಮೇಳಗಳಲ್ಲಿ ನಿಂತಿದ್ದರು. ಒಬ್ಬರ ಮನೆಯ ದೀಪ ಆರಿದ್ದರಿಂದ ಇನ್ನೊಬ್ಬರ ರೋಸ್ಟರ್ ತುಂಬುತ್ತದೆ.

ಇದನ್ನೆಲ್ಲ ಕೇಳಿದ ಹಿರಿಯರೊಬ್ಬರು "ಎಲ್ಲಾ ಅವರವರ ಕರ್ಮ ಕಣಪ್ಪ" ಎಂದರು. ನಾನು ಇದನ್ನು ಒಪ್ಪುವುದಿಲ್ಲ. ಅಮೆರಿಕದ ಪ್ರ್ಯಾಟ್ ಆ್ಯಂಡ್ ವಿಟ್ನಿ ಎಂಜಿನ್‌ಗಳು ಕೈಕೊಟ್ಟು ಅರ್ಧದಷ್ಟು ವಿಮಾನಗಳು ನೆಲ ಹಿಡಿದವು ಎಂದು ಗೋ ಫಸ್ಟ್ ಕಾರಣ ಕೊಟ್ಟಿತು. ಕಿಂಗ್‌ಫಿಷರ್ ಸಾಲದಲ್ಲಿ ಮುಳುಗಿತು. ಇವಕ್ಕೆಲ್ಲ ಮನುಷ್ಯರು ಕೂತು ಮಾಡಿದ ತೀರ್ಮಾನಗಳು, ಸಹಿಗಳು, ಒಪ್ಪಂದಗಳು ಇವೆ. ಸಂಬಳ ಸಿಗದ ಸಾವಿರಾರು ಜನರ ಹಿಂದಿನ ಜನ್ಮಗಳು ಒಂದೇ ತಿಂಗಳಲ್ಲಿ ಫಲ ಕೊಟ್ಟವು ಎನ್ನುವುದು ಆ ಸಹಿಗಳನ್ನು ಮುಚ್ಚಿಡುವ ಮಾತು. ಇನ್ನು ಫಲದ ಮೇಲೆ ಆಸೆ ಇಡಬೇಡ ಎಂಬ ಉಪದೇಶ. ಅದು ದೊಡ್ಡ ಮಾತೇ. ಆದರೆ ಅದನ್ನು ಕೆಲಸ ಇರುವವನು ಕೆಲಸ ಇಲ್ಲದವನಿಗೆ ಹೇಳಿದರೆ ನೋವಾಗುತ್ತದೆ. ಮೇಳಕ್ಕೆ ಹೋಗುವುದೇ ಫಲಕ್ಕಾಗಿ. ಫಲ ಬೇಡದವನು ಟೋಕನ್ ಯಾಕೆ ತೆಗೆದುಕೊಳ್ಳಬೇಕು?

ಊರಿಗೆ ಬಂದ ಮೇಲೆ ಅವ್ವನ ಹತ್ತಿರ ನನ್ನ ಸಂಕಟ ಹೇಳಿಕೊಂಡೆ. ಅವಳು ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಅಲ್ಲ ಕನ ಮಗ, ನಾನು ಮಳೆ ಕೊಡಪ್ಪ ಅಂತ ಕೇಳ್ತೀನಲ್ಲ, ನನ್ ಹೊಲಕ್ಕೆ ಬಂದ ಮಳೆ ಪಕ್ಕದ್ ಹೊಲ ಬುಟ್ಟು ಹೋದದಾ?"

"ಮಳೆ ಸರಿ ಅವ್ವ. ಆನೆಗೇನು ಹೇಳ್ತೀಯ?"

ಅವಳು ಕೈ ನಿಲ್ಲಿಸಿದಳು. ನಮ್ಮ ಊರು ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ಮಗ್ಗುಲಲ್ಲಿದೆ. ಕೋಸು, ಮುಸುಕಿನಜೋಳ, ರಾಗಿ ಕೈಗೆ ಬರುವ ಹೊತ್ತಿಗೆ ಆನೆಗಳು ಇಳಿಯುತ್ತವೆ. ಅಟ್ಟಣೆ ಕಟ್ಟಿ, ಟಾರ್ಚು ಹಿಡಿದು, ಪಟಾಕಿ ಹೊಡೆದು ಓಡಿಸುತ್ತೇವೆ. ಓಡಿಸಿದ ಆನೆ ಕಾಡಿಗೇ ಹೋಗುತ್ತದೆ ಎಂದೇನಿಲ್ಲ. ಬಹಳ ಸಲ ಪಕ್ಕದವನ ಜೋಳಕ್ಕೆ ನುಗ್ಗುತ್ತದೆ. ನಮ್ಮ ಹೊಲಕ್ಕೆ ಬರದಿರಲಿ ಎಂದು ಕೇಳಿಕೊಂಡದ್ದು ಅವನ ಹೊಲಕ್ಕೆ ಹೋಗಲಿ ಎಂದಾಗಿಬಿಡುತ್ತದೆ, ಬಾಯಲ್ಲಿ ಹಾಗೆ ಹೇಳದಿದ್ದರೂ. ಕೆಲಸದ ಹರಕೆ ಮಳೆಯ ಜಾತಿಯದೋ ಆನೆಯ ಜಾತಿಯದೋ ಎಂಬುದೇ ನನ್ನ ಪ್ರಶ್ನೆ.

"ಕೇಳೋದು ನನ್ ಧರ್ಮ, ಹಂಚೋದು ಅವನ್ ಧರ್ಮ. ಮಾದಪ್ಪ ಏನು ಟೋಕನ್ ಕೊಡೋ ಗುಮಾಸ್ತನಾ, ಇಷ್ಟೇ ಅದೆ ಅನ್ನೋಕೆ?" ಎಂದಳು ಅವ್ವ. ಉತ್ತರ ಅಷ್ಟಕ್ಕೇ ಮುಗಿಸಿದಳು.

ನಾನು ಆಮೇಲೆ ಒಂದು ಪರೀಕ್ಷೆ ಮಾಡಿಕೊಂಡೆ: ಪಕ್ಕದಲ್ಲಿ ನಿಂತವನ ಕಿವಿಗೆ ಬೀಳುವಂತೆ ಹೇಳಬಲ್ಲದ್ದು ಮಾತ್ರ ಪ್ರಾರ್ಥನೆ. ಅವನ ಎದುರು ನುಂಗಿಕೊಳ್ಳಬೇಕಾದದ್ದು ಬರೀ ಆಸೆ. ಕೈ ನಡುಗದಿರಲಿ, ಟೇಕಾಫ್ ಹೊತ್ತಲ್ಲಿ ಒಂದು ಎಂಜಿನ್ ಕೈಕೊಟ್ಟರೆ ಮಾಡಬೇಕಾದದ್ದು ಮರೆಯದಿರಲಿ, ನಾನು ಕೂರಿಸಿಕೊಂಡವರು ಸುಖವಾಗಿ ಇಳಿಯಲಿ. ಇದನ್ನು ಇಡೀ ಹಾಲಿಗೆ ಕೇಳುವಂತೆ ಹೇಳಬಹುದು, ಹಾಲೂ ಹೂಂ ಅನ್ನುತ್ತದೆ. "ಆ ಸೀಟು ನನಗೇ ಬರಲಿ" ಎಂದು ಹಾಗೆ ಕೂಗಲಾಗುವುದಿಲ್ಲ.

ಈ ಪರೀಕ್ಷೆ ಎಲ್ಲ ಕಡೆ ಗೆಲ್ಲುವುದಿಲ್ಲ ಎಂಬುದಕ್ಕೆ ನಮ್ಮೂರೇ ಸಾಕ್ಷಿ. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ನಟ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದು ಇದೇ ಗಾಜನೂರಿನ ಅವರ ತೋಟದ ಮನೆಯಿಂದ. ನಾನಾಗ ಚಿಕ್ಕ ಹುಡುಗ. 108 ದಿನ ಕನ್ನಡಿಗರು ಗುಡಿ, ಮಸೀದಿ, ಚರ್ಚುಗಳಲ್ಲಿ ಗಟ್ಟಿಯಾಗಿ ಬೇಡಿಕೊಂಡರು. ಅದಕ್ಕಿಂತ ಬಯಲಿನ ಪ್ರಾರ್ಥನೆ ನಾನು ಕಂಡಿಲ್ಲ. ಆದರೆ ಬಿಡುಗಡೆಗಾಗಿ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಟಾಡಾ ಕಾಯ್ದೆಯಡಿ ಸೆರೆಯಲ್ಲಿದ್ದವರನ್ನು ಬಿಡಬೇಕು ಎಂಬುದೂ ಇತ್ತು. ಸರ್ಕಾರ ಒಪ್ಪಲು ಹೊರಟಾಗ ಒಬ್ಬ ತಂದೆ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ವೀರಪ್ಪನ್ ಗುಂಪಿನ ದಾಳಿಯಲ್ಲಿ ಎಸ್ಪಿ ಹರಿಕೃಷ್ಣ ಅವರ ಜೊತೆ ಮಡಿದ ಸಬ್‌ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ, ಅಬ್ದುಲ್ ಕರೀಂ. ಇಡೀ ನಾಡು ಒಂದನ್ನು ಬೇಡುತ್ತಿರುವಾಗ ಅದಕ್ಕೆ ಅಡ್ಡ ಬರುವಂತೆ ಕಾಣುವ ನ್ಯಾಯವನ್ನು ಒಬ್ಬಂಟಿಯಾಗಿ ಕೇಳಲು ಎಂಥ ಎದೆ ಬೇಕು! ನವೆಂಬರ್ 7ರಂದು ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ನವೆಂಬರ್ 15ರಂದು ಅಣ್ಣಾವ್ರು ಬಿಡುಗಡೆಯಾದರು.

ಒಂದು ಇನ್ನೊಂದನ್ನು ಕೊಲ್ಲುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದ ಎರಡು ಮೊರೆಗಳು ಎಂಟು ದಿನಗಳ ಅಂತರದಲ್ಲಿ ಎರಡೂ ಈಡೇರಿದವು. ಅವ್ವ ಗೆದ್ದ ಜಾಗ ಇದು. ಎಷ್ಟು ಇದೆ, ಯಾರಿಗೆ ತಪ್ಪುತ್ತದೆ ಎಂಬ ಲೆಕ್ಕ ನಮಗೆ ಪೂರ್ತಿ ಗೊತ್ತಿರುವುದಿಲ್ಲ. ಗೊತ್ತಿದೆ ಎಂದುಕೊಂಡು ಕೇಳದೇ ಸುಮ್ಮನಿರುವುದರಲ್ಲೂ ಒಂದು ಬಗೆಯ ಅಹಂಕಾರ ಇದೆ.

ಹಾಗೆಂದು ನಾನು ಪೂರ್ತಿ ಅವಳ ಕಡೆ ವಾಲಲಿಲ್ಲ. ವಾಲುವಂತೆ ಮಾಡಿದ್ದು ಆಮೇಲೆ ನಡೆದದ್ದು. ನನಗೆ ಎರಡು ಸಂಸ್ಥೆಗಳಿಂದ ಆಫರ್ ಲೆಟರ್ ಬಂತು. ಎರಡನ್ನೂ ಕೈಯಲ್ಲಿ ಇಟ್ಟುಕೊಂಡು, ಕೊನೆಯ ದಿನದವರೆಗೂ ತೂಗಿ ನೋಡುವುದು ನಮ್ಮ ಪೇಟೆಯಲ್ಲಿ ಮಾಮೂಲು. ಹಾಗೆ ಕೂರುವವರನ್ನು ದೂರುವುದು ಸುಲಭವಲ್ಲ. ಮುಚ್ಚಿದ ಬಾಗಿಲು ಕಂಡವನಿಗೆ ಇನ್ನೊಂದು ಬಾಗಿಲು ತೆರೆದಿರಲಿ ಅನ್ನಿಸುವುದು ಸಹಜ. ಸಂಸ್ಥೆಗಳಿಗೂ ಇದರ ಭಯ ಇದೆ. ಕಮಾಂಡರ್ ಕೆಲಸ ಬಿಡಬೇಕಾದರೆ ಒಂದು ವರ್ಷ, ಫಸ್ಟ್ ಆಫೀಸರ್ ಆರು ತಿಂಗಳು ಮುಂಚೆ ತಿಳಿಸಬೇಕು ಎಂದು ವಿಮಾನಯಾನ ನಿಯಂತ್ರಕ ಡಿಜಿಸಿಎ 2017ರಲ್ಲಿ ನಿಯಮ ಮಾಡಿತು. 2023ರಲ್ಲಿ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೋದರು ಎಂದು ಆಕಾಸಾ ಏರ್ ಕೋರ್ಟು ಹತ್ತಿತು.

ಅವ್ವನಿಗೆ ಎರಡೂ ಪತ್ರ ತೋರಿಸಿದೆ. ಅವಳು ಓದುಬರಹ ಹೆಚ್ಚು ಕಲಿತವಳಲ್ಲ, ಶರಣರ ಕತೆಗಳನ್ನು ಮಾತ್ರ ಬಾಯಲ್ಲೇ ಇಟ್ಟುಕೊಂಡವಳು. "ಎಲ್ಗೆ ಹೋದೀಯ?" ಎಂದಳು. ಹೇಳಿದೆ. "ಹಂಗಾರೆ ಇನ್ನೊಂದ್ನ ಇವತ್ತೇ ವಾಪಸ್ ಕೊಟ್ಬುಡು. ಲಕ್ಕಮ್ಮ ಏನ್ ಮಾಡುದ್ಲು ಗೊತ್ತಿಲ್ವಾ?"

ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದೇ ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದಳು. ನಾನು ಈ ಕತೆಯನ್ನು ಅಲ್ಲಿಯವರೆಗೆ ದುರಾಸೆಯ ವಿರುದ್ಧದ ಕತೆ ಎಂದಷ್ಟೇ ತಿಳಿದಿದ್ದೆ. ಅವ್ವ ಅದನ್ನು ಬೇರೆ ಕಡೆಯಿಂದ ಹಿಡಿದಿದ್ದಳು. ಅಕ್ಕಿ ಆಯುವಾಗ ಮಾರಯ್ಯನನ್ನು ಯಾರೂ ತಡೆಯಲಿಲ್ಲ. ಆಯಲಿ, ಕೇಳಲಿ, ಹರಸಿಕೊಳ್ಳಲಿ. ಧರ್ಮದ ಪ್ರಶ್ನೆ ಏಳುವುದು ಅದು ಮನೆಗೆ ಬಂದ ಮೇಲೆ: ಎಷ್ಟು ಇಟ್ಟುಕೊಳ್ಳುತ್ತೀಯ, ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀಯ. ಸರದಿಯಲ್ಲಿ ನಿಂತವನ ಮನಸ್ಸನ್ನು ನಾನು ಅಷ್ಟು ದಿನ ಕೆದಕುತ್ತಿದ್ದೆ. ಅವಳು ನೋಡಿದ್ದು ಸರದಿಯಿಂದ ಹೊರಬಂದವನ ಕೈಯನ್ನು.

ಅದೇ ಸಂಜೆ ಎರಡನೆಯ ಸಂಸ್ಥೆಗೆ ಬರುವುದಿಲ್ಲ ಎಂದು ಬರೆದೆ. ಕಾರ್ತಿಕದಲ್ಲಿ ಅವ್ವ ಹರಕೆಯಂತೆ ನಡೆದೇ ಮಾದಪ್ಪನ ಬೆಟ್ಟಕ್ಕೆ ಹೋದಳು, ನಾನೂ ಜೊತೆಗಿದ್ದೆ. ಕ್ಯಾಪ್ಟನ್ ಈಗ ಸಿಮ್ಯುಲೇಟರಿನಲ್ಲಿ ಹೊಸಬರಿಗೆ ಕಲಿಸುತ್ತಾರೆ.

ನಾನು ಬಿಟ್ಟ ಆ ಸೀಟು ಯಾರಿಗೆ ಹೋಯಿತು? ಅದನ್ನು ಕೇಳಬೇಡ ಎನ್ನುತ್ತಾಳೆ ಅವ್ವ, ಕೊಟ್ಟದ್ದರ ಹಿಂದೆ ಹೋಗಬಾರದಂತೆ. ಇಲ್ಲಿ ಮಾತ್ರ ನಾನು ಅವಳ ಮಾತಿಗೆ ಒಪ್ಪಿಲ್ಲ. ನನಗೆ ಹೆಸರು ಬೇಡ, ಅದು ಹೋಯಿತೋ ಇಲ್ಲವೋ ಎಂಬುದು ಬೇಕು. ಮೇಳಗಳಲ್ಲಿ ಆಯ್ಕೆಯಾಗಿ ಕಾಯುವವರ ಪಟ್ಟಿ ಸಂಸ್ಥೆಯ ಒಳಗೇ ಇರುತ್ತದೆ. ತಾನು ಎಷ್ಟನೆಯವನು, ಪಟ್ಟಿ ಮುಂದೆ ಸರಿಯಿತೇ, ಇಲ್ಲ ಹರಿದು ಹಾಕಿದರೇ, ಏನೂ ತಿಳಿಯದೆ ತಿಂಗಳುಗಳು ಹೋಗುತ್ತವೆ. ಪ್ರಾರ್ಥನೆ ಪಕ್ಕದವನಿಗೆ ಕೇಳುವಂತಿರಬೇಕು ಎನ್ನುವ ನಾನು, ಪಟ್ಟಿಯೂ ನಿಂತವರಿಗೆಲ್ಲ ಕೇಳುವಂತೆ ಓದುವಂಥದ್ದಾಗಬೇಕು ಎನ್ನದೆ ಹೇಗಿರಲಿ? ದೇವರ ಹಂಚಿಕೆ ನಮಗೆ ಕಾಣದು, ಸರಿ. ಮನುಷ್ಯರ ಹಂಚಿಕೆ ಕಾಣದಿರಲು ಯಾವ ಕಾರಣವೂ ಇಲ್ಲ.

ತಾಳವಾಡಿ ಕಡೆಯ ಒಬ್ಬ ಹುಡುಗ 200 ಗಂಟೆ ಮುಗಿಸಿ, ಪರೀಕ್ಷೆ ಬರೆದು, ಪಾಸಾಗಿದ್ದೀರಿ ಎಂಬ ಒಂದು ಸಾಲಿನ ಮೇಲ್ ಹಿಡಿದುಕೊಂಡು ಕೂತಿದ್ದಾನೆ. ಅಪ್ಪ ಎರಡು ಎಕರೆ ಅರಿಶಿನದ ಹೊಲ ಅಡ ಇಟ್ಟಿದ್ದಾನೆ. "ಅಣ್ಣ, ಏನಾದ್ರೂ ಗೊತ್ತಾಯ್ತಾ?" ಎಂದು ಆಗಾಗ ಫೋನ್ ಮಾಡುತ್ತಾನೆ. ಆ ಮೇಲ್ ಕಳಿಸಿದ ಸಂಸ್ಥೆಗೆ ಅವನ ಕೈಯಲ್ಲೇ ಒಂದು ಪತ್ರ ಬರೆಸಿದ್ದೇನೆ, ನಾನೂ ಬೇರೆಯಾಗಿ ಒಂದು ಬರೆದಿದ್ದೇನೆ. ಕೆಲಸ ಕೊಡಿ ಎಂದು ಎರಡರಲ್ಲೂ ಕೇಳಿಲ್ಲ. ಪಟ್ಟಿಯಲ್ಲಿ ಅವನು ಎಷ್ಟನೆಯವನು ಎಂದು ತಿಳಿಸಿ ಎಂದಷ್ಟೇ ಕೇಳಿದ್ದೇವೆ.