ದಾರಿ ಹೇಳುವ ಯಂತ್ರ ಮತ್ತು ನಿರ್ದೋಷವಾದ ಶಬ್ದ

ಕಾರಿನ ಮುಂಗಾಜಿಗೆ ಅಂಟಿಸಿಕೊಳ್ಳುವ ಪುಟ್ಟ ಜಿಪಿಎಸ್ ನ್ಯಾವಿಗೇಟರ್ 'ಇನ್ನೂರು ಮೀಟರ್ ಮುಂದೆ ಎಡಕ್ಕೆ ತಿರುಗಿ' ಎಂದು ನುಡಿದಾಗ ಚಾಲಕನಿಗೆ ಉಂಟಾಗುವ ಅರಿವು ಯಾವ ಬಗೆಯದು ಎಂಬುದು ಮೇಲ್ನೋಟಕ್ಕೆ ತಂತ್ರಜ್ಞಾನದ ಪ್ರಶ್ನೆಯಂತೆ ಕಂಡರೂ, ಭಾರತೀಯ ದರ್ಶನಗಳು ಶತಮಾನಗಳಿಂದ ಚರ್ಚಿಸಿಕೊಂಡು ಬಂದಿರುವ ಪ್ರಮಾಣವಿಚಾರದ ಒಳಗೇ ಅದು ಬರುತ್ತದೆ. ಯಥಾರ್ಥವಾದ ಜ್ಞಾನವನ್ನು ತಂದುಕೊಡುವ ಸಾಧನಕ್ಕೆ ಪ್ರಮಾಣವೆಂದು ಹೆಸರು. ಕಣ್ಣಾರೆ ಕಾಣುವುದು ಪ್ರತ್ಯಕ್ಷ, ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ತಿಳಿಯುವುದು ಅನುಮಾನ, ಬಲ್ಲವರ ಮಾತಿನಿಂದ ತಿಳಿಯುವುದು ಶಬ್ದ. ಯಂತ್ರದ ಮಾತು ಕೇಳಿ ತಿರುಗುವವನು ಆ ತಿರುವನ್ನು ಇನ್ನೂ ಕಂಡಿಲ್ಲ, ಅದನ್ನು ಅನುಮಾನಿಸಲು ಅವನ ಬಳಿ ಹೇತುವೂ ಇಲ್ಲ. ಹಾಗಾದರೆ ಅವನಿಗಾದದ್ದು ಶಬ್ದಜ್ಞಾನವೇ ಎನ್ನಬೇಕು. ಆದರೆ ಆ ಶಬ್ದದ ಹಿಂದಿರುವ 'ಬಲ್ಲವನು' ಯಾರು?

ಈ ಪ್ರಶ್ನೆಯನ್ನು ಹೈದರಾಬಾದಿನ ಪಶ್ಚಿಮ ಭಾಗದ ಕೊಂಡಾಪುರವನ್ನು ಮುಂದಿಟ್ಟುಕೊಂಡು ಕೇಳುವುದಕ್ಕೆ ಕಾರಣಗಳಿವೆ. 1998ರಲ್ಲಿ ಪಕ್ಕದ ಮಾದಾಪುರದಲ್ಲಿ ಸೈಬರ್ ಟವರ್ಸ್ ಕಟ್ಟಡ ಉದ್ಘಾಟನೆಯಾದ ಮೇಲೆ ಈ ಪ್ರದೇಶದ ಹಳ್ಳಿಗಳು ಒಂದೊಂದಾಗಿ ನಗರದೊಳಗೆ ಸೇರಿಹೋಗಿ, ದಾರಿ ಕೇಳಿದರೆ ಹೇಳಬಲ್ಲ ಹಳಬರಿಗಿಂತ ದಾರಿ ಕೇಳುವ ಹೊಸಬರೇ ಹೆಚ್ಚಾದರು. ಪೋರ್ಟಬಲ್ ನ್ಯಾವಿಗೇಟರುಗಳು ಭಾರತದ ಮಾರುಕಟ್ಟೆಗೆ ಬಂದ ಕಾಲದಲ್ಲಿ ಹೈದರಾಬಾದಿನದೇ ಆದ ಸ್ಯಾಟ್‌ನ್ಯಾವ್ ಟೆಕ್ನಾಲಜೀಸ್ ಸಂಸ್ಥೆಯು ಸ್ಯಾಟ್‌ಗೈಡ್ ಎಂಬ ಹೆಸರಿನಲ್ಲಿ ಅಂಥ ವ್ಯವಸ್ಥೆಯನ್ನು ಮಾರಿತು. ಇಂದು ಲೋಕಕ್ಕೆಲ್ಲ ನಕ್ಷೆ ಒದಗಿಸುವ ಗೂಗಲ್ ಸಂಸ್ಥೆಯ ಕಚೇರಿಯೊಂದು ಕೊಂಡಾಪುರದಲ್ಲಿಯೇ ಇದೆ. ಇನ್ನೊಂದು ಕಾರಣ ಕನ್ನಡಿಗರಿಗೆ ಹತ್ತಿರದ್ದು. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದನ್ನೇ ರಾಜಧಾನಿಯಾಗಿ ಉಳ್ಳವಾಗಿದ್ದುದರಿಂದ ಆ ಭಾಗದವರಿಗೆ ಈ ಊರು ಇಂದಿಗೂ ಪರಸ್ಥಳವಲ್ಲ. ಕೊಂಡಾಪುರದಲ್ಲಿ ಬಾಡಿಗೆಗಿದ್ದು ಹಬ್ಬಕ್ಕೆ ಊರಿಗೆ ಹೊರಡುವ ಕುಟುಂಬವು ಚೇವೆಳ್ಳ, ತಾಂಡೂರು, ಸೇಡಂ ದಾಟಿ ಮಳಖೇಡದ ಮೂಲಕ ಕಲಬುರಗಿ ಸೇರುತ್ತದೆ. ಶಬ್ದದ ದೋಷಗಳನ್ನು ಎಣಿಸಿಟ್ಟ ಮಹಾತಾರ್ಕಿಕ ಜಯತೀರ್ಥರ ಹೆಸರನ್ನು ಪರಂಪರೆಯು ಜೋಡಿಸಿರುವುದು ಇದೇ ಮಳಖೇಡದೊಂದಿಗೆ.

ಮೊದಲು ಯಂತ್ರದ ಮಾತನ್ನು ಬಿಡಿಸಿ ನೋಡಬೇಕು, ಏಕೆಂದರೆ ಒಂದೇ ದನಿಯಲ್ಲಿ ಕೇಳುವ ಆ ಮಾತಿನೊಳಗೆ ಎರಡು ಬೇರೆ ಬೇರೆ ಜ್ಞಾನಗಳು ಬೆರೆತಿವೆ. 'ಕಾರು ಈಗ ಇಲ್ಲಿದೆ' ಎಂಬುದು ಒಂದು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಸ್ಥಾನವನ್ನೂ ಸಮಯವನ್ನೂ ಬಿಡದೆ ಬಿತ್ತರಿಸುತ್ತವೆ. ಸಂಕೇತ ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ದೂರವನ್ನು ಲೆಕ್ಕ ಹಾಕುವ ಪೆಟ್ಟಿಗೆಯು, ತನ್ನ ಅಗ್ಗದ ಗಡಿಯಾರದ ತಪ್ಪನ್ನು ಸರಿಪಡಿಸಿಕೊಳ್ಳಲು ಮೂರರ ಜೊತೆಗೆ ನಾಲ್ಕನೆಯ ಉಪಗ್ರಹದ ನೆರವನ್ನೂ ಪಡೆದು, ತಾನಿರುವ ಜಾಗವನ್ನು ನಿರ್ಣಯಿಸುತ್ತದೆ. ಸಾಪೇಕ್ಷ ಸಿದ್ಧಾಂತದ ಪ್ರಕಾರ ಉಪಗ್ರಹದ ಗಡಿಯಾರವು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ದೂರದ ಅಳತೆಯು ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಮೀರಿ ತಪ್ಪುತ್ತದೆ. ಇದು ಶುದ್ಧ ಅನುಮಾನ: ಕಾಲವೆಂಬ ಹೇತುವಿನಿಂದ ದೂರವೆಂಬ ಸಾಧ್ಯದ ಸಿದ್ಧಿ. 'ಇಲ್ಲಿಂದ ಎಡಕ್ಕೆ ರಸ್ತೆಯಿದೆ' ಎಂಬುದು ಎರಡನೆಯದು, ಮತ್ತು ಅದಕ್ಕೂ ಉಪಗ್ರಹಕ್ಕೂ ಯಾವ ಸಂಬಂಧವೂ ಇಲ್ಲ. ಎಂದೋ ಯಾರೋ ಆ ಬೀದಿಯಲ್ಲಿ ಓಡಾಡಿಯೋ, ಮೇಲಿನಿಂದ ತೆಗೆದ ಚಿತ್ರವನ್ನು ನೋಡಿಯೋ ಗೆರೆ ಎಳೆದು ಹೆಸರು ಬರೆದು ಮೆಮೊರಿ ಕಾರ್ಡಿಗೆ ತುಂಬಿಸಿಟ್ಟ ನಕ್ಷೆಯದು ಅದು. ಅದನ್ನು ಶಬ್ದವೆಂದಲ್ಲದೆ ಬೇರೆ ರೀತಿ ಹೇಳಲಾಗದು.

ಉಪಗ್ರಹವು ಮೇಲಿನಿಂದ ಕಾರನ್ನು 'ನೋಡುತ್ತಿದೆ' ಎಂಬ ವ್ಯಾಪಕವಾದ ತಿಳಿವಳಿಕೆಯು ಈ ವಿವೇಚನೆಗೆ ಅಡ್ಡಿಯಾಗುತ್ತದೆ. ಸರ್ವಸಾಕ್ಷಿಯಾದ ದೇವರ ಕಲ್ಪನೆಗೆ ಒಗ್ಗಿದ ಮನಸ್ಸು ಆಕಾಶದಲ್ಲೊಂದು ಕಣ್ಣನ್ನು ಇಟ್ಟುಕೊಳ್ಳುವುದು ಸಹಜವಾದರೂ, ಜಿಪಿಎಸ್ ಉಪಗ್ರಹಕ್ಕೆ ಕೊಂಡಾಪುರದ ಕಾರು ಇದೆಯೆಂಬುದೇ ಗೊತ್ತಿರುವುದಿಲ್ಲ; ಪೆಟ್ಟಿಗೆಯು ಕೇಳಿಸಿಕೊಳ್ಳುತ್ತದೆಯೇ ಹೊರತು ಮರುನುಡಿಯುವುದಿಲ್ಲ. ನಾವಿಕನಿಗೆ ಧ್ರುವನಕ್ಷತ್ರವಿದ್ದಂತೆ ಅದು ಇದೆ, ಅಷ್ಟೆ.

ನ್ಯಾಯದರ್ಶನವು ಶಬ್ದಪ್ರಮಾಣವನ್ನು ಆಪ್ತನ ಉಪದೇಶವೆಂದು ನಿರೂಪಿಸುತ್ತದೆ. ವಿಷಯವನ್ನು ಸಾಕ್ಷಾತ್ತಾಗಿ ಬಲ್ಲವನಾಗಿ, ಬಲ್ಲದ್ದನ್ನು ಇದ್ದಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತ. ಇಂಥವನು ಋಷಿಯೇ ಆಗಬೇಕಿಲ್ಲ, ಆರ್ಯನೂ ಮ್ಲೇಚ್ಛನೂ ಆಗಬಹುದು ಎಂದು ಭಾಷ್ಯಕಾರ ವಾತ್ಸ್ಯಾಯನನು ಒಪ್ಪುತ್ತಾನೆ. ದಖನಿಯಲ್ಲಿ ದಾರಿ ಹೇಳುವ, ಕೊಂಡಾಪುರದ ಪಕ್ಕದ ಕೊತ್ತಗುಡದ ಆಟೋ ಚಾಲಕನು ಈ ಲಕ್ಷಣಕ್ಕೆ ಸುಲಭವಾಗಿ ಹೊಂದುತ್ತಾನೆ, ಯಂತ್ರವು ಹೊಂದುವುದಿಲ್ಲ. ಅದಕ್ಕೆ ಬಲ್ಲೆನೆಂಬ ಅರಿವಿಲ್ಲ, ತಿಳಿಸಬೇಕೆಂಬ ಇಚ್ಛೆಯೂ ಇಲ್ಲ. ಅರ್ಥವರಿಯದ ಗಿಣಿಯು ಆಡಿದ ವಾಕ್ಯದಿಂದಲೂ ಕೇಳಿದವನಿಗೆ ಅರ್ಥಬೋಧೆಯಾಗುತ್ತದಲ್ಲ, ಅಲ್ಲಿ ತಾತ್ಪರ್ಯ ಯಾರದು ಎಂಬ ಚರ್ಚೆ ಶಾಸ್ತ್ರಗ್ರಂಥಗಳಲ್ಲಿ ಬರುವುದು ಇಲ್ಲಿ ನೆನಪಿಗೆ ಬರಬೇಕು. ನೈಯಾಯಿಕರು ಅಂಥ ಕಡೆ ಗಿಣಿಗೆ ಕಲಿಸಿದವನ ಅಥವಾ ಈಶ್ವರನ ತಾತ್ಪರ್ಯವನ್ನು ಹೇಳಿದರೆ, ವೇದಾಂತಪರಿಭಾಷೆಯ ಕರ್ತೃ ಧರ್ಮರಾಜಾಧ್ವರೀಂದ್ರನು ವಕ್ತೃವಿನ ಇಚ್ಛೆಯನ್ನೇ ಕೈಬಿಟ್ಟು, ಆ ಅರ್ಥದ ಪ್ರತೀತಿಯನ್ನು ಹುಟ್ಟಿಸುವ ಯೋಗ್ಯತೆ ವಾಕ್ಯಕ್ಕಿದ್ದರೆ ಅದೇ ತಾತ್ಪರ್ಯವೆಂದನು. ಅರ್ಥ ತಿಳಿಯದವನು ಪಠಿಸಿದ ವೇದವಾಕ್ಯದಿಂದಲೂ ಅರ್ಥಬೋಧೆಯಾಗುವುದನ್ನು ಸಮರ್ಥಿಸಲು ಹೂಡಿದ ಈ ಯುಕ್ತಿಯು ಯಂತ್ರದ ಮಾತಿಗೂ ಒದಗಿಬರುತ್ತದೆ.

ಹಾಗೆಂದು ಯಂತ್ರದ ಮಾತು ಅಪೌರುಷೇಯ, ಎಂದರೆ ಕರ್ತೃವಿಲ್ಲದ ಮಾತು, ಆಗಲಾರದು. ಮಾತಿನ ತಪ್ಪೆಲ್ಲವೂ ಆಡುವವನ ದೋಷದಿಂದ ಬರುವುದರಿಂದ, ಕರ್ತೃವೇ ಇಲ್ಲದ ವೇದದಲ್ಲಿ ದೋಷಕ್ಕೆ ಆಶ್ರಯವಿಲ್ಲ ಎಂಬುದು ಮೀಮಾಂಸಕರ ವಾದ. ಎದುರಿಗೆ ಮನುಷ್ಯನು ಕಾಣದಿರುವುದರಿಂದಲೇ ಯಂತ್ರವನ್ನು ಹೆಚ್ಚು ನಂಬುವ ಇಂದಿನ ಮನೋಭಾವವು ಈ ವಾದದ ಅಪಭ್ರಂಶವೆಂದೇ ಹೇಳಬೇಕು. ಪುರುಷದೋಷಗಳನ್ನು ಭ್ರಮೆ, ಪ್ರಮಾದ ಎಂದರೆ ಎಚ್ಚರಗೇಡಿತನ, ವಿಪ್ರಲಿಪ್ಸೆ ಎಂದರೆ ಮೋಸಗೊಳಿಸುವ ಇಚ್ಛೆ, ಕರಣಾಪಾಟವ ಎಂದರೆ ಇಂದ್ರಿಯಗಳ ಅಸಾಮರ್ಥ್ಯ ಎಂದು ನಾಲ್ಕು ಬಗೆಯಾಗಿ ಹೇಳುವ ವಾಡಿಕೆಯುಂಟು. ಜಿಪಿಎಸ್‌ನಲ್ಲಿ ಈ ನಾಲ್ಕಕ್ಕೂ ಉದಾಹರಣೆ ಸಿಗುತ್ತದೆ. ನಕ್ಷೆ ಬರೆದವನ ಭ್ರಮೆ, ಪ್ರಮಾದಗಳು ನಕ್ಷೆಯಲ್ಲಿ ಉಳಿದಿರುತ್ತವೆ. ಎತ್ತರದ ಕಟ್ಟಡಗಳಿಗೆ ತಾಗಿ ಪ್ರತಿಫಲಿಸಿ ಬರುವ ಸಂಕೇತವನ್ನು ನೇರ ಬಂದದ್ದೆಂದು ಗ್ರಹಿಸುವುದು ಕರಣಾಪಾಟವ. ವಿಪ್ರಲಿಪ್ಸೆಯಂತೂ ಬರೀ ಕಲ್ಪನೆಯಲ್ಲ: ಜಿಪಿಎಸ್ಸನ್ನು ನಡೆಸುವ ಅಮೆರಿಕವು 2000ದ ಮೇ ತಿಂಗಳಿನವರೆಗೆ ನಾಗರಿಕರಿಗೆ ಕೊಡುವ ಸಂಕೇತದಲ್ಲಿ ಬೇಕೆಂದೇ ದೋಷವನ್ನು ಬೆರೆಸುತ್ತಿತ್ತು, ಅದರಿಂದ ಸ್ಥಾನವು ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತು, ಆ ಸುಳ್ಳನ್ನು ನಿಲ್ಲಿಸಿದ ಮೇಲೆಯೇ ಕಾರಿನೊಳಗಿನ ನ್ಯಾವಿಗೇಟರ್ ದಿನಬಳಕೆಯ ವಸ್ತುವಾಗುವುದು ಸಾಧ್ಯವಾಯಿತು. ಪರರಾಷ್ಟ್ರದ ಸೇನೆಯ ಕೃಪೆಯ ಮೇಲೆ ನಿಂತ ಈ ಆಪ್ತತ್ವವನ್ನು ನೆಚ್ಚಿಕೊಳ್ಳಲಾಗದೆ ಭಾರತವು 2013ರಿಂದ ತನ್ನದೇ ನಾವಿಕ್ ಉಪಗ್ರಹಗಳನ್ನು ಹಾರಿಸತೊಡಗಿತು.

ಇಲ್ಲಿ ಜಯತೀರ್ಥರ ನೆರವು ದೊಡ್ಡದು. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆಗಳನ್ನು ಬರೆದು ಟೀಕಾಚಾರ್ಯರೆಂದೇ ಹೆಸರಾದ, ಹದಿನಾಲ್ಕನೆಯ ಶತಮಾನದ ಈ ವಿದ್ವಾಂಸರು ಪ್ರಮಾಣಪದ್ಧತಿ ಎಂಬ ಕಿರುಗ್ರಂಥದಲ್ಲಿ ಆಗಮವನ್ನು, ಎಂದರೆ ಶಬ್ದಪ್ರಮಾಣವನ್ನು, ನಿರೂಪಿಸುವಾಗ ಆಪ್ತನನ್ನು ಲಕ್ಷಣದೊಳಗೆ ತರುವುದೇ ಇಲ್ಲ. ನಿರ್ದೋಷವಾದ ಶಬ್ದವೇ ಆಗಮ, ಅಷ್ಟು ಸಾಕು. ಆಡಿದವನಾರೆಂಬುದರ ಬದಲು ಆಡಿದ ಮಾತಿನಲ್ಲಿ ದೋಷವಿದೆಯೇ ಎಂದು ಕೇಳುವ ಈ ಕ್ರಮವು, ಆಡುವವನೇ ಕಾಣದ ಮಾತನ್ನು ಪರೀಕ್ಷಿಸಲು ಹೇಳಿಮಾಡಿಸಿದಂತಿದೆ. ಅವರು ಕೊಡುವ ದೋಷಗಳ ಪಟ್ಟಿಯಲ್ಲಿ ಬೋಧಿಸದಿರುವುದು, ವಿಪರೀತವಾಗಿ ಬೋಧಿಸುವುದು, ತಿಳಿದದ್ದನ್ನೇ ತಿಳಿಸುವುದು, ಪ್ರಯೋಜನವಿಲ್ಲದ್ದನ್ನು ಹೇಳುವುದು, ಅಶಕ್ಯವಾದ ಸಾಧನವನ್ನು ಹೇಳುವುದು, ಹಗುರವಾದ ಉಪಾಯವಿರುವಾಗ ಭಾರವಾದ ಉಪಾಯವನ್ನು ಉಪದೇಶಿಸುವುದು ಇವೆಲ್ಲ ಸೇರಿವೆ. ಆರು ಶತಮಾನಗಳ ಹಿಂದೆ ಮಾಡಿದ ಈ ಎಣಿಕೆಯನ್ನು ಕೊಂಡಾಪುರದ ರಸ್ತೆಗಳಲ್ಲಿ ಒಂದೊಂದಾಗಿ ತೋರಿಸಬಹುದು.

ಕೊತ್ತಗುಡದ ಮೇಲ್ಸೇತುವೆ 2023ರ ಜನವರಿ 1ರಂದು ಸಂಚಾರಕ್ಕೆ ತೆರೆಯಿತು. ಅದಕ್ಕೂ ಮುನ್ನ ತುಂಬಿಸಿದ ನಕ್ಷೆಯುಳ್ಳ ಪೆಟ್ಟಿಗೆಗೆ ಆ ಸೇತುವೆಯೇ ಇಲ್ಲ. ಹೊಸ ನಕ್ಷೆಯಿದ್ದರೂ ತೊಡಕು ತೀರುವುದಿಲ್ಲ. ಉಪಗ್ರಹದಿಂದ ಸಿಗುವ ಎತ್ತರದ ಲೆಕ್ಕವು ಉದ್ದಗಲದ ಲೆಕ್ಕದಷ್ಟು ನಿಖರವಲ್ಲದ ಕಾರಣ, ಕಾರು ಸೇತುವೆಯ ಮೇಲೆ ಓಡುತ್ತಿರುವಾಗ ತೆರೆಯ ಮೇಲಿನ ಬಾಣವು ಕೆಳಗಿನ ರಸ್ತೆಗೆ ಜಾರಿ, ಕಟಕಟೆಯಲ್ಲದೆ ಬೇರೇನೂ ಇಲ್ಲದ ಕಡೆ 'ಬಲಕ್ಕೆ ತಿರುಗಿ' ಎನ್ನಬಹುದು. ಇದು ವಿಪರೀತಬೋಧನೆ. ಸಂಚಾರ ದಟ್ಟಣೆಯ ಕಾರಣಕ್ಕೆ ಪೊಲೀಸರು ನಡುವಿನ ತೆರಪನ್ನು ಮುಚ್ಚಿ, ಮುಂದೆ ಹೋಗಿ ಯೂ-ಟರ್ನ್ ಮಾಡಿ ಬರುವಂತೆ ಮಾಡಿದ ವೃತ್ತದಲ್ಲಿ ನೇರ ಹೋಗೆನ್ನುವುದು ಅಶಕ್ಯಸಾಧನದ ಉಪದೇಶ. ನಗರದೊಳಗಿನ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೊರಟವನನ್ನು ಹೊರವರ್ತುಲ ರಸ್ತೆ ಹತ್ತಿಸಿ ಊರು ಸುತ್ತಿಸುವುದು ಗುರೂಪಾಯ, ಎಂದರೆ ಭಾರವಾದ ಉಪಾಯದ ಉಪದೇಶ. ಅಶಕ್ಯಸಾಧನದ ಗಂಭೀರ ರೂಪವನ್ನು ನೋಡಲು ಮಳಖೇಡಕ್ಕೇ ಹೋಗಬೇಕು: ಮಳೆಗಾಲದಲ್ಲಿ ಕಾಗಿಣಾ ನದಿ ಉಕ್ಕಿದಾಗ ಅಲ್ಲಿಯ ಸೇತುವೆ ಮುಳುಗಿ, ಜಯತೀರ್ಥರ ಸನ್ನಿಧಿಯಿರುವ ಮಠದೊಳಗೂ ನೀರು ನುಗ್ಗಿ, ಸೇಡಂ–ಕಲಬುರಗಿ ಸಂಚಾರ ನಿಂತುಹೋಗುವುದುಂಟು, ಮೆಮೊರಿ ಕಾರ್ಡಿನ ನಕ್ಷೆಯಲ್ಲಿ ಆಗಲೂ ಸೇತುವೆ ಒಣಗಿಯೇ ಇರುತ್ತದೆ. 2024ರ ನವೆಂಬರಿನಲ್ಲಿ ಉತ್ತರಪ್ರದೇಶದ ಬರೇಲಿ ಬಳಿ, ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯ ಮೇಲಿನಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತಾಗ, ಅವರು ನಕ್ಷೆಯ ಸೂಚನೆಯಂತೆ ಹೋಗುತ್ತಿದ್ದರೆಂಬ ವರದಿಗಳು ದೇಶದಾದ್ಯಂತ ಚರ್ಚೆಯಾದವು.

ಯಂತ್ರದ ಮಾತು ವಿಧಿರೂಪದಲ್ಲಿರುತ್ತದೆ ಎಂಬುದನ್ನೂ ಗಮನಿಸಬೇಕು. 'ತಿರುಗಿ' ಎಂಬ ಆಜ್ಞೆಯಲ್ಲಿ ನಿಜವೂ ಸುಳ್ಳೂ ಇಲ್ಲವೆಂದು ತೋರಿದರೂ, ಮಂಡನಮಿಶ್ರನು ತನ್ನ ವಿಧಿವಿವೇಕದಲ್ಲಿ ವಿಧಿಯ ಅರ್ಥವು ಇಷ್ಟಸಾಧನತೆ, ಎಂದರೆ 'ಇದು ನಿನಗೆ ಬೇಕಾದುದಕ್ಕೆ ಸಾಧನ' ಎಂಬ ತಿಳಿವಳಿಕೆಯೇ ಎಂದು ತೋರಿಸಿದುದರಿಂದ, ಆಜ್ಞೆಯನ್ನೂ ಪ್ರಮಾಣದ ಒರೆಗಲ್ಲಿಗೆ ಹಚ್ಚಬಹುದು. ಈ ದೃಷ್ಟಿಯಿಂದ ನ್ಯಾವಿಗೇಟರಿನ ವಿಧಿಗಳೆಲ್ಲ ಕಾಮ್ಯಕರ್ಮದ ವಿಧಿಗಳು. ಪ್ರಯಾಣಿಕನು ತಾನೇ ಗಮ್ಯವನ್ನು ಬಯಸಿ ಒತ್ತದ ಹೊರತು ಅದು ಏನನ್ನೂ ವಿಧಿಸುವುದಿಲ್ಲ, ಮೀರಿದರೆ ಪ್ರತ್ಯವಾಯವೂ, ಎಂದರೆ ದೋಷಫಲವೂ, ಇಲ್ಲ, ಮಾರ್ಗವನ್ನು ಮತ್ತೆ ಲೆಕ್ಕ ಹಾಕಿ ಇನ್ನೊಂದು ವಿಧಿಯನ್ನು ಅದೇ ದನಿಯಲ್ಲಿ ಹೇಳುತ್ತದೆ. ಇಷ್ಟು ಕ್ಷಮಾಶೀಲವಾದ ಧರ್ಮಶಾಸ್ತ್ರ ಲೋಕದಲ್ಲಿ ಇನ್ನೊಂದಿಲ್ಲ.

ಆದರೆ ದಿನದಿನದ ಪಯಣಕ್ಕೆ ಬಂದಾಗ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಕೊಂಡಾಪುರದ ಮನೆಯಿಂದ ಗಚ್ಚಿಬೌಲಿಯ ಕಚೇರಿಗೆ ವರ್ಷಗಟ್ಟಲೆ ಹೋಗಿಬಂದವನು ಆ ದಾರಿಗೂ ಯಂತ್ರವನ್ನು ಹಚ್ಚಿಕೊಳ್ಳುತ್ತಾನೆ. ರಸ್ತೆಯ ದಟ್ಟಣೆಯನ್ನು ಆಗಿಂದಾಗ ತಿಳಿಸುವ ಮೊಬೈಲಿನ ನಕ್ಷೆಯಾದರೆ ಅದು ಇಂದಿನ ಹೊಸ ಸಂಗತಿಯೊಂದನ್ನು ಹೇಳುತ್ತದೆಂದು ಸಮರ್ಥಿಸಬಹುದು; ಕಾರ್ಡಿನಲ್ಲಿ ತುಂಬಿಸಿಟ್ಟ ನಕ್ಷೆಯ ಪೆಟ್ಟಿಗೆ ಹೇಳುವುದೆಲ್ಲ ಅವನಿಗೆ ಗೊತ್ತಿರುವುದೇ, ಜಯತೀರ್ಥರ ಪಟ್ಟಿಯ ಜ್ಞಾತಜ್ಞಾಪಕತ್ವವೇ. ಪಟ್ಟಿಯಲ್ಲಿ ಇದು ಹಗುರವಾದ ದೋಷದಂತೆ ಕಾಣುತ್ತದೆ, ಏಕೆಂದರೆ ಇದರಿಂದ ಯಾರೂ ನದಿಗೆ ಬೀಳುವುದಿಲ್ಲ. ಆದರೆ ಉಳಿದ ದೋಷಗಳಿಗೆ ಬಾಧಕಜ್ಞಾನವೆಂಬುದು, ಎಂದರೆ ಹಿಂದಿನ ಅರಿವನ್ನು ಸುಳ್ಳೆಂದು ತೋರಿಸುವ ಮುಂದಿನ ಅರಿವು, ಕೆಲವೇ ನಿಮಿಷಗಳಲ್ಲಿ ಕಟಕಟೆಯಾಗಿಯೋ ನೀರಾಗಿಯೋ ಎದುರಿಗೆ ಬರುತ್ತದೆ. ತಿಳಿದದ್ದನ್ನೇ ತಿಳಿಸುವ ಮಾತಿಗೆ ಬಾಧಕವು ಎಂದೂ ಬರುವುದಿಲ್ಲ, ಪ್ರತಿದಿನವೂ ಅದು ನಿಜವೇ ಆಗಿರುತ್ತದೆ. ನೈಯಾಯಿಕರು ಜ್ಞಾನದ ಪ್ರಾಮಾಣ್ಯವನ್ನು ಸಫಲವಾದ ಪ್ರವೃತ್ತಿಯಿಂದ ನಿಶ್ಚಯಿಸುವವರಾದ್ದರಿಂದ, ಅವರ ಲೆಕ್ಕದಲ್ಲಿ ಈ ನಿತ್ಯಸಾಫಲ್ಯವು ಯಂತ್ರದ ಮೇಲಿನ ವಿಶ್ವಾಸವನ್ನು ಬೆಳೆಸುತ್ತಲೇ ಹೋಗಬೇಕು, ಮತ್ತು ವಾಸ್ತವದಲ್ಲಿ ಆಗುವುದೂ ಅದೇ: ತಾನೇ ಬಲ್ಲ ದಾರಿಯಲ್ಲಿ ಗಳಿಸಿದ ನಂಬಿಕೆಯನ್ನು ಚಾಲಕನು ತಾನರಿಯದ ತಾಂಡೂರಿನಾಚೆಯ ದಾರಿಗೂ ಕೊಂಡೊಯ್ಯುತ್ತಾನೆ.

ಸ್ಮೃತಿಯ ಸ್ಥಾನವೇನೆಂಬ ಹಳೆಯ ವಿವಾದವು ಇಲ್ಲಿ ನಿರ್ಣಾಯಕವಾಗುತ್ತದೆ. ನ್ಯಾಯ, ಮೀಮಾಂಸೆಗಳು ನೆನಪನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಅದು ಹಿಂದಿನ ಅನುಭವಕ್ಕೆ ಅಧೀನವಾದದ್ದು, ಹೊಸದನ್ನು ತಿಳಿಸದು ಎಂಬುದು ಅವರ ಆಕ್ಷೇಪ. ಈ ಪಕ್ಷವನ್ನು ಹಿಡಿದರೆ, ನೆನಪಿನಿಂದ ಗಾಡಿ ಓಡಿಸುವವನಿಗಿಂತ ಯಂತ್ರದ ಮಾತು ಕೇಳಿ ಓಡಿಸುವವನ ಅರಿವಿಗೇ ಪ್ರಮಾಣದ ಪಟ್ಟ ಸಿಗುತ್ತದೆ. ಮಧ್ವಾಚಾರ್ಯರ ದ್ವೈತ ಸಿದ್ಧಾಂತದಲ್ಲಿ ಹಾಗಿಲ್ಲ. ವಿಷಯವು ಇದ್ದಂತೆ ತಿಳಿದರೆ ಸಾಕು, ಅದು ಹೊಸದಾಗಿರಬೇಕೆಂಬ ನಿಯಮವಿಲ್ಲ ಎನ್ನುವ ಈ ಮತದಲ್ಲಿ ಸ್ಮೃತಿಯೂ ಪ್ರಮಾಣವೇ. ದಿಕ್ಕು, ಕಾಲಗಳನ್ನು ನೇರವಾಗಿ ಗ್ರಹಿಸಿ ಜ್ಞಾನದ ಯಾಥಾರ್ಥ್ಯವನ್ನೂ ನಿಶ್ಚಯಿಸುವ ಸಾಕ್ಷಿಯು ಆತ್ಮನ ಸ್ವರೂಪವೇ ಆದ ಇಂದ್ರಿಯವಾಗಿ ಒಳಗಿದೆ, ಆಕಾಶದಲ್ಲಿಲ್ಲ. ಸಂಶಯ ಬಂದ ಕಡೆ ಪರೀಕ್ಷೆ ನಡೆಸಬೇಕಾದ ಹೊಣೆ ಮನಸ್ಸಿನದು, ಪರೀಕ್ಷೆ ಮುಗಿದ ಮೇಲೆ ತೀರ್ಪು ಸಾಕ್ಷಿಯದು. ಈ ಮತದಂತೆ ಗಚ್ಚಿಬೌಲಿಯ ದಾರಿಯನ್ನು ನೆನಪಿನಲ್ಲಿಟ್ಟುಕೊಂಡವನ ಬಳಿ ಯಂತ್ರದ ಶಬ್ದಕ್ಕೆ ಸರಿಸಮನಾದ ಪ್ರಮಾಣವೊಂದು ಆಗಲೇ ಇದೆ, ಮತ್ತು ಕಾಗಿಣಾ ತೀರದಲ್ಲಿ ನೀರನ್ನು ಕಂಡ ಕಣ್ಣಿನ ಮುಂದೆ ಕಾರ್ಡಿನೊಳಗಿನ ಸೇತುವೆಗೆ ಆಗಮವೆಂಬ ಹೆಸರೂ ಸಲ್ಲುವುದಿಲ್ಲ.