ಬಿಟ್ಟುಕೊಟ್ಟ ಗೋಲು



ಕಳೆದ ಭಾನುವಾರದ ಅಧ್ಯಯನದಲ್ಲಿ ಚೇತನಾ ಕುರಿತು ಮಾತು ಬಂದಾಗ ನಮ್ಮ ಅಕ್ಕ ಒಬ್ಬರು ಕೇಳಿದರು: "ಉದ್ದೇಶವೇ ಕರ್ಮ ಅಂತ ಭಗವಾನ್ ಬುದ್ಧರು ಹೇಳಿದ ಮೇಲೆ, ಒಳ್ಳೆ ಮನಸ್ಸಿಂದ ಮಾಡಿದ್ದು ತಪ್ಪಾಗೋದು ಹೇಗೆ?" ಆಗ ನನಗೆ ಉತ್ತರ ಹೊಳೆಯಲಿಲ್ಲ. ಊರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಫುಟ್‌ಬಾಲ್ ಪಂದ್ಯ ನೆನಪಾಯಿತು.

ನಾನಾಗ ಕನ್ನಡ ಎಂ.ಎ. ಎರಡನೇ ವರ್ಷದಲ್ಲಿದ್ದೆ. ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಒಂದು ಪಂದ್ಯ ನಡೆಯುತ್ತಿತ್ತು. ನೋಟಿಸ್ ಬೋರ್ಡಿನಲ್ಲಿ 'ಸೌಹಾರ್ದ ಪಂದ್ಯ' ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಹಳಗನ್ನಡ ಪಾಠ ಮಾಡುವ ಸರ್ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಇಳಿದಿದ್ದರು. ಪಿಎಚ್.ಡಿ. ಮಾಡುತ್ತಿದ್ದ ಅಣ್ಣನೊಬ್ಬ ರೆಫರಿ. ಅವನ ಗೈಡ್ ಎರಡು ಸಲ ಬಾಲನ್ನು ಕೈಯಲ್ಲೇ ತಳ್ಳಿದರೂ ಸೀಟಿ ಊದಲಿಲ್ಲ. ಎಲ್ಲರೂ ನಕ್ಕೆವು. ಪಾಪ, ಅವನಿಗೆ ಅದು ಥೀಸಿಸ್ಸಿನ ಪ್ರಶ್ನೆ.

ಓಡಲಾಗದವನು ಎಂದು ನನ್ನನ್ನು ಗೋಲ್ ಕೀಪರ್ ಮಾಡಿದ್ದರು. ವಿಭಾಗದ ಮುಖ್ಯಸ್ಥರು ಒದ್ದ ಬಾಲೊಂದು ಉರುಳುತ್ತಾ ಉರುಳುತ್ತಾ ನನ್ನ ಕಾಲ ಸಂದಿಯಲ್ಲೇ ಒಳಗೆ ಹೋಯಿತು. ಬೇಕೆಂದೇ ಬಿಟ್ಟಿದ್ದೆ. ಅದು ಭಯ, ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿತ್ತು. ಅದರ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಇಷ್ಟು ವರ್ಷ ನನ್ನನ್ನು ಕಾಡಿದ್ದು ಎರಡನೆಯ ಗೋಲು.

ಆ ವಿಭಾಗದಲ್ಲಿ ನಮ್ಮ ಕೇರಿಗಳಿಂದ ಬಂದಿದ್ದ ಮೇಷ್ಟ್ರು ಒಬ್ಬರೇ. ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ'ವನ್ನು ನನ್ನ ಕೈಗೆ ಮೊದಲು ಇಟ್ಟವರು ಅವರೇ. ಸಂಜೆ ಹಾಸ್ಟೆಲ್ ಹುಡುಗರ ಜೊತೆ ಬರಿಗಾಲಲ್ಲಿ ಆಡುತ್ತಿದ್ದರು. ಅವರ ಬೆನ್ನ ಹಿಂದೆ 'ಕೋಟಾ ಮೇಷ್ಟ್ರು' ಅನ್ನುತ್ತಿದ್ದುದನ್ನು, ಹಾಜರಿ ಪುಸ್ತಕ ಕೊಡಲು ಹೋದಾಗ ನಾನೇ ಕಿವಿಯಾರೆ ಕೇಳಿದ್ದೆ.

ಪಂದ್ಯ ಎರಡು–ಎರಡು ಸಮವಾಗಿತ್ತು. ಮುಗಿಯಲು ನಾಲ್ಕೈದು ನಿಮಿಷ ಇರುವಾಗ ಗೋಲಿನ ಮುಂದೆ ನುಗ್ಗಿ ಬರುತ್ತಿದ್ದ ಸರ್ ಅವರನ್ನು ನಮ್ಮ ಹುಡುಗನೊಬ್ಬ ಕಾಲು ಕೊಟ್ಟು ಕೆಡವಿದ. ರೆಫರಿ ಅಂದು ಸೀಟಿ ಊದಿದ್ದು ಆಗಲೇ. ಪೆನಾಲ್ಟಿ. ಹನ್ನೆರಡು ಗಜ ದೂರದಲ್ಲಿ ಬಾಲಿಟ್ಟರು. ಅವರ ಒದೆತ ನನಗೆ ಬಾಯಿಪಾಠ. ಯಾವಾಗಲೂ ನನ್ನ ಬಲಕ್ಕೆ, ನೆಲ ಸವರಿಕೊಂಡು. ಸಂಜೆಯ ಅಭ್ಯಾಸದಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ತಡೆದಿದ್ದೆ. ಅವತ್ತು ಎಡಕ್ಕೆ ಹಾರಿದೆ.

ಗೋಲು. 'ಕೋಟಾ' ಎಂದು ಆಡಿಕೊಂಡವರೇ ಅವರನ್ನು ಎತ್ತಿ ಕುಣಿದರು. ಧೂಳಲ್ಲಿ ಬಿದ್ದುಕೊಂಡೇ ನೋಡುತ್ತಿದ್ದೆ. ಅಷ್ಟು ಸಂತೋಷ ನನಗೆ ಎಂ.ಎ. ರಿಸಲ್ಟ್ ಬಂದ ದಿನವೂ ಆಗಲಿಲ್ಲ.

ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಾಗ ಸರ್ ಬಂದು ಪಕ್ಕದಲ್ಲಿ ನಿಂತರು.

"ಬಾಲು ಯಾವ ಕಡೆ ಬರುತ್ತೆ ಅಂತ ನಿನಗೆ ಗೊತ್ತಿತ್ತು, ಅಲ್ವೇನೋ?"

ನಾನು ಮಾತಾಡಲಿಲ್ಲ.

"ಓದಿ ಪಾಸಾದೆ, ಕೊಟ್ಟಿದ್ದು ಅಂದ್ರು. ಕೆಲಸ ಸಿಕ್ತು, ಅದೂ ಕೊಟ್ಟಿದ್ದೇ ಅಂದ್ರು. ಇವತ್ತು ಬಾಲು ಒಳಗೆ ಹೋದಾಗ, ಇದೊಂದನ್ನ ಯಾರೂ ಹಂಗನ್ನಕ್ಕಾಗಲ್ಲ ಅಂದ್ಕೊಂಡೆ ಕಣೋ. ಆಮೇಲೆ ನೀನು ಬಿದ್ದಿದ್ದ ಕಡೆ ನೋಡಿದೆ."

ಸಿಟ್ಟೇನೂ ಇರಲಿಲ್ಲ. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹೋದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಪೆನಾಲ್ಟಿಯನ್ನು ಯಾರೂ ಭಿಕ್ಷೆ ಎನ್ನುವುದಿಲ್ಲ. ಫೌಲ್ ಆಗಿದೆ, ನಿಯಮ ಅದಕ್ಕೆ ಪರಿಹಾರ ಕೊಟ್ಟಿದೆ. ಬಿದ್ದವನು ಎದ್ದು ಬಾಲಿಡುತ್ತಾನೆ, ಅಷ್ಟೇ. ಒದೆಯಬೇಕಾದವನು ಅವನೇ, ಎದುರಿಗೆ ಕೀಪರ್ ಇದ್ದೇ ಇರುತ್ತಾನೆ. ನಮ್ಮ ಮೀಸಲಾತಿಯೂ ಹೀಗೆಯೇ. ಸೀಟು ಕೊಟ್ಟವರು ಪರೀಕ್ಷೆ ಬರೆದುಕೊಡಲಿಲ್ಲ. ಸರ್ ಅವರ ಪೆನಾಲ್ಟಿ ಅವರ ಹಕ್ಕಾಗಿತ್ತು. ಅದನ್ನು ಭಿಕ್ಷೆ ಮಾಡಿದವನು ನಾನು, ಅವರ ಕೇರಿಯಂಥದ್ದೇ ಕೇರಿಯಿಂದ ಬಂದವನು.

ಪಾಲ್ವಂಕರ್ ಬಾಲೂ ಅವರ ಬಗ್ಗೆ ಓದಿದಾಗಲೆಲ್ಲ ಸರ್ ನೆನಪಾಗುತ್ತಾರೆ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಹುಡುಗ. ಪುಣೆಯಲ್ಲಿ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು. ಆದರೆ ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಅವರು ಮುಟ್ಟಿದ ಚೆಂಡನ್ನು ಮುಟ್ಟುತ್ತಿದ್ದರು, ಬಟ್ಟಲನ್ನಲ್ಲ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೂ ಹಿಂದೂ ತಂಡ ಅವರನ್ನು ನಾಯಕನಾಗಿ ಆರಿಸಲೇ ಇಲ್ಲ. ಆ ಸ್ಥಾನ 1923ರಲ್ಲಿ ತಮ್ಮ ವಿಠ್ಠಲ್‌ಗೆ ಬಂತು. (1937ರ ಚುನಾವಣೆಯಲ್ಲಿ ಬಾಲೂ ಬಾಬಾಸಾಹೇಬರ ಎದುರೇ ನಿಂತು ಸೋತರು. ಅದು ಬೇರೆ ಕಥೆ, ನಮ್ಮವರು ಇನ್ನೂ ವಾದ ಮಾಡುವ ಕಥೆ.) ನಾಯಕತ್ವವನ್ನು ತಡೆಹಿಡಿಯಬಹುದಿತ್ತು. ಹಾರಿಬಿದ್ದ ಸ್ಟಂಪನ್ನು ಮಾತ್ರ ಯಾರೂ 'ಕೊಟ್ಟಿದ್ದು' ಅನ್ನುವಂತಿರಲಿಲ್ಲ. ಎದುರಿನ ಬ್ಯಾಟ್ಸ್‌ಮನ್ನರಲ್ಲಿ ಒಬ್ಬ ಕನಿಕರಪಟ್ಟು ಔಟಾಗಿದ್ದರೂ ಅದಕ್ಕೆ ಕಳಂಕ ಬರುತ್ತಿತ್ತು.

ಅಕ್ಕನ ಪ್ರಶ್ನೆಗೆ ಬರುತ್ತೇನೆ. ನನ್ನ ಉದ್ದೇಶ ಒಳ್ಳೆಯದೇ ಆಗಿತ್ತು ಎಂದು ಬಹಳ ವರ್ಷ ವಾದಿಸಿಕೊಂಡೆ. ಬಗೆದು ನೋಡಿದರೆ ಪ್ರೀತಿಯ ಕೆಳಗೆ ಇನ್ನೊಂದು ಪದರ ಇತ್ತು: 'ಇವರ ಕೈಲಿ ಆಗಲಾರದು, ನಾನೇ ಮಾಡಿಕೊಡಬೇಕು.' ಸ್ಟಾಫ್ ರೂಮಿನವರು ಹೇಳುತ್ತಿದ್ದುದೂ ಅದನ್ನೇ, ಸ್ವರ ಬೇರೆ. ವಿಸುದ್ಧಿಮಗ್ಗದಲ್ಲಿ ಬುದ್ಧಘೋಷರು ಮೈತ್ರಿಗೆ ಎರಡು ಶತ್ರುಗಳನ್ನು ಹೇಳುತ್ತಾರೆ. ದ್ವೇಷ ದೂರದ ಶತ್ರು, ಅದನ್ನು ಗುರುತಿಸುವುದು ಸುಲಭ. ರಾಗ, ಅಂದರೆ ಅಂಟಿಕೊಂಡ ಮಮತೆ, ಹತ್ತಿರದ ಶತ್ರು. ಅದು ಮೈತ್ರಿಯ ಹಾಗೆಯೇ ಕಾಣುತ್ತದೆ. ಭ್ರಾತೃತ್ವ ಎಂಬ ಮಾತು ಸಾಲದು, ಬುದ್ಧರ ಮೈತ್ರಿಯೇ ಸರಿಯಾದ ಪದ ಎಂದು ಬಾಬಾಸಾಹೇಬರು ಬರೆದರಲ್ಲ, ಎಡಕ್ಕೆ ಹಾರಿದಾಗ ನನ್ನಲ್ಲಿದ್ದದ್ದು ಅದಲ್ಲ ಎಂದು ಈಗ ಅನಿಸುತ್ತದೆ.

ಹಾಗಂತ ಯಾವತ್ತೂ ಬಿಟ್ಟುಕೊಡಬಾರದೆ? ಗೊತ್ತಿಲ್ಲ. ಮಗಳು ಐದು ವರ್ಷದವಳಿದ್ದಾಗ ಚೌಕಾಬಾರದಲ್ಲಿ ಅವಳ ಕಾಯಿ ಹೊಡೆಯದೆ ಬಿಡುತ್ತಿದ್ದೆ, ಅದರಲ್ಲಿ ತಪ್ಪು ಕಾಣಲಿಲ್ಲ. ಎಂಟಾದಾಗ ಅವಳೇ ಕಂಡುಹಿಡಿದು ಕವಡೆ ಎಸೆದು ಎದ್ದುಹೋದಳು.

ಪಂದ್ಯದ ಮರುದಿನ ಸಂಜೆ ಮೈದಾನಕ್ಕೆ ಹೋಗಲು ನಾಚಿಕೆಯಾಗಿ ರೂಮಿನಲ್ಲೇ ಕೂತಿದ್ದೆ. ಸರ್ ಹುಡುಗರ ಕೈಲಿ ಹೇಳಿ ಕಳಿಸಿದರು. ಹೋದೆ. ಹನ್ನೆರಡು ಹೆಜ್ಜೆ ಅಳೆದು ಬಾಲಿಟ್ಟು "ನಿಂತ್ಕೊಳೋ" ಅಂದರು. ಹತ್ತು ಹೊಡೆದರು. ಎಂಟನ್ನು ತಡೆದೆ, ಅಂಗೈ ಉರಿಯುತ್ತಿತ್ತು. ಎರಡು ನನ್ನ ಬೆರಳ ತುದಿ ಸವರಿಕೊಂಡು ಒಳಗೆ ಹೋದವು. ಎರಡಕ್ಕೂ ಸರ್ ಎರಡೂ ಕೈ ಮೇಲೆತ್ತಿ ಹಾಸ್ಟೆಲ್ಲಿಗೆ ಕೇಳುವ ಹಾಗೆ ಕೂಗಿದರು.