ಕಟ್ಟಿದ ಕೈ

ಒಬ್ಬ ಮನುಷ್ಯ ತಾನು ಮೋಸಗಾರ ಅಲ್ಲ ಅಂತ ತೋರಿಸಲು ತನ್ನ ಕೈಯನ್ನೇ ಕಟ್ಟಿಸಿಕೊಳ್ಳಬೇಕಾಗಿ ಬಂದರೆ, ವಿಚಾರಣೆ ಆಗಬೇಕಾದ್ದು ಯಾರದು? ಆ ಕೈಯದೋ, ಅದನ್ನು ಅನುಮಾನಿಸಿದ ಕಣ್ಣಿನದೋ? ಆಸ್ಟ್ರೇಲಿಯಾದ ಮೂಲನಿವಾಸಿ ವೇಗದ ಬೌಲರ್ ಜಾಕ್ ಮಾರ್ಷನ ಕತೆ ಈ ಪ್ರಶ್ನೆಯನ್ನು ನಮ್ಮೆದುರು ತಂದು ನಿಲ್ಲಿಸುತ್ತದೆ.

ಮಾರ್ಷ್ ಹುಟ್ಟಿದ್ದು ಸುಮಾರು 1874ರಲ್ಲಿ, ನ್ಯೂ ಸೌತ್ ವೇಲ್ಸ್‌ನ ಕ್ಲಾರೆನ್ಸ್ ನದಿಯ ಸೀಮೆಯಲ್ಲಿ. ಮೊದಲು ದುಡ್ಡಿನ ಪಂದ್ಯಗಳ ಓಟಗಾರ, ಆಮೇಲೆ ಬೌಲರ್. 1900ರ ನವೆಂಬರಿನಲ್ಲಿ ಸಿಡ್ನಿಯ ಒಂದು ಆಯ್ಕೆ ಪಂದ್ಯದಲ್ಲಿ ಅಂಪೈರ್ ಕರ್ರನ್, ಇವನು ಬೌಲ್ ಮಾಡುತ್ತಿಲ್ಲ, ಕಲ್ಲು ಬೀಸಿದ ಹಾಗೆ ಮೊಣಕೈ ಮಡಚಿ ಬೀಸುತ್ತಿದ್ದಾನೆ ಅಂತ ನೋ-ಬಾಲ್ ಕೂಗಿದ. ಮಾರ್ಷ್ ಜಗಳಕ್ಕೆ ಹೋಗಲಿಲ್ಲ. ಮೂಳೆ ಮುರಿದವರಿಗೆ ಕಟ್ಟುತ್ತಾರಲ್ಲ, ಹಾಗೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬೌಲ್ ಮಾಡಿ ತೋರಿಸಿದ. ಡಾಕ್ಟರ ಸರ್ಟಿಫಿಕೇಟನ್ನೂ ತಂದ. ಅಂಪೈರನಿಗೆ ಇದರಿಂದ ಅವಮಾನವಾಯಿತಂತೆ, ಪಂದ್ಯದಿಂದಲೇ ಹೊರಟುಹೋದ. ಅವಮಾನ ಆದದ್ದು ಯಾರಿಗೆ, ನೋಡಿ!

1901ರಲ್ಲಿ ವಿಕ್ಟೋರಿಯಾದ ವಿರುದ್ಧ ಸಿಡ್ನಿಯಲ್ಲಿ ಅವನು ಆಡಿದಾಗ ಬಾಬ್ ಕ್ರಾಕೆಟ್ ಎಂಬ ಅಂಪೈರ್ 15ಕ್ಕೂ ಹೆಚ್ಚು ಸಲ ನೋ-ಬಾಲ್ ಕೊಟ್ಟ. ಈ ಕ್ರಾಕೆಟ್ ಕೆಟ್ಟವನಲ್ಲ. 30ಕ್ಕೂ ಹೆಚ್ಚು ಟೆಸ್ಟುಗಳಲ್ಲಿ ನಿಂತವನು, ಪ್ರಾಮಾಣಿಕ ಅಂತ ಹೆಸರು ಪಡೆದವನು. ನಮಗೆ ಮುಖ್ಯವಾದದ್ದು ಇದೇ. ದುಷ್ಟನೊಬ್ಬ ಅನ್ಯಾಯ ಮಾಡಿದ ಅಂದುಬಿಟ್ಟರೆ ಕತೆ ಸಲೀಸು. ದುಷ್ಟನನ್ನು ಬೈದು ಮನೆಗೆ ಹೋಗಬಹುದು. ಆದರೆ ಪ್ರಾಮಾಣಿಕರು ನಿಯಮದ ಪುಸ್ತಕ ಹಿಡಿದುಕೊಂಡು ಮಾಡಿದ್ದನ್ನು ಏನೆಂದು ಕರೆಯೋಣ? ನಿಯಮದ ಅಕ್ಷರದಲ್ಲಿ ಬಣ್ಣ ಇರಲಿಲ್ಲ, ನಿಜ. ಚೆಂಡು ಸರಿಯಾಗಿ ಬಂತು ಅಂತ ಅಂಪೈರನಿಗೆ ತೃಪ್ತಿಯಾಗಬೇಕು, ಅಷ್ಟೆ. ಆ ತೃಪ್ತಿ ಅನ್ನುವುದು ಎಲ್ಲಿಂದ ಬರುತ್ತದೆ? ಯಾರನ್ನು ಕಂಡರೆ ಬೇಗ ಬರುತ್ತದೆ?

ಎರ್ನಿ ಜೋನ್ಸ್ ಅಂತ ಬಿಳಿಯ ಬೌಲರ್ ಒಬ್ಬನಿದ್ದ, ಗಣಿಯಲ್ಲಿ ದುಡಿದವನು. ಟೆಸ್ಟ್ ಪಂದ್ಯದಲ್ಲಿ ಇದೇ ತಪ್ಪಿಗೆ ನೋ-ಬಾಲ್ ಅನ್ನಿಸಿಕೊಂಡ ಮೊದಲಿಗ ಅವನೇ, 1898ರಲ್ಲಿ. ಆಮೇಲೂ 1902ರವರೆಗೆ ಆಸ್ಟ್ರೇಲಿಯಾಕ್ಕೆ ಆಡಿದ. ಅವನದು ತಿದ್ದಿಕೊಳ್ಳಬಹುದಾದ ತಪ್ಪಾಯಿತು. ಮಾರ್ಷನದು ಹುಟ್ಟುಗುಣವಾಯಿತು. 6 ಪ್ರಥಮ ದರ್ಜೆ ಪಂದ್ಯಗಳಲ್ಲಿ 34 ವಿಕೆಟ್ ಕಿತ್ತ ಮೇಲೂ ಬಾಗಿಲು ಮುಚ್ಚಿತು. ಅದೇ 1901ರಲ್ಲಿ ಆಸ್ಟ್ರೇಲಿಯಾ ಒಂದು ರಾಷ್ಟ್ರವಾಯಿತು. ಬಿಳಿಯರಲ್ಲದವರು ಒಳಗೆ ಬಾರದಂತೆ ವಲಸೆ ಕಾನೂನು ಮಾಡಿತು. ಮೂಲನಿವಾಸಿಗಳನ್ನು ಜನಸಂಖ್ಯೆಯಲ್ಲಿ ಎಣಿಸಕೂಡದು ಅಂತ ಸಂವಿಧಾನದಲ್ಲೇ ಬರೆದುಕೊಂಡಿತು. 1967ರವರೆಗೂ ಆ ಮಾತು ಅಲ್ಲೇ ಇತ್ತು. ತಲೆಯನ್ನೇ ಲೆಕ್ಕಕ್ಕೆ ಹಿಡಿಯದ ದೇಶ ವಿಕೆಟ್ಟನ್ನು ಎಣಿಸೀತೆ?

ಚೆನ್ನಾಗಿ ಆಡಿ, ಯೋಗ್ಯತೆ ತೋರಿಸಿ, ಆಗ ಎಲ್ಲರೂ ಒಪ್ಪುತ್ತಾರೆ ಅಂತ ನಮಗೆ ಬುದ್ಧಿ ಹೇಳುವವರು ಬಹಳ ಮಂದಿ. ಮಾರ್ಷನಿಗಿಂತ ಒಂದೆರಡು ವರ್ಷ ಚಿಕ್ಕವನೊಬ್ಬ ನಮ್ಮ ಧಾರವಾಡದಲ್ಲೇ ಹುಟ್ಟಿದ್ದ, ಚಮ್ಮಾರ ಜಾತಿಯ ಪಾಲ್ವಂಕರ್ ಬಾಳೂ. ಅವನದು ವೇಗವಲ್ಲ, ಎಡಗೈ ಸ್ಪಿನ್. ಅವನ ಕೈಯ ಮೇಲೆ ಯಾರೂ ದೋಷ ಹೊರಿಸಲಿಲ್ಲ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. ಆದರೆ ಅದಕ್ಕೂ ಮುಂಚೆ ಪುಣೆಯಲ್ಲಿ ಸವರ್ಣರ ತಂಡಕ್ಕೆ ಆಡುವಾಗ ಅವನಿಗೆ ಚಹಾ ಕೊಡುತ್ತಿದ್ದದ್ದು ಹೊರಗೆ, ಬಿಸಾಡುವ ಮಣ್ಣಿನ ಕಪ್ಪಿನಲ್ಲಿ. ಮುಂದೆ ಹಿಂದೂ ತಂಡವೂ ಅವನಿಂದ ವಿಕೆಟ್ ತೆಗೆಸಿಕೊಂಡಿತು, ನಾಯಕತ್ವ ಮಾತ್ರ ಕೊಡಲಿಲ್ಲ. ಒಬ್ಬನಿಗೆ ಆಟದ ನಿಯಮ ಅಡ್ಡ ಬಂತು, ಇನ್ನೊಬ್ಬನಿಗೆ ನಿಯಮದಲ್ಲಿ ಎಲ್ಲೂ ಬರೆಯದೇ ಇದ್ದದ್ದು.

ಯೋಗ್ಯತೆಯ ಮಾತಿಗೆ ಮಾರ್ಷನ ಕಡೆಯ ಉತ್ತರವೂ ಇದೆ. 1901-02ರಲ್ಲಿ ಬಂದ ಇಂಗ್ಲೆಂಡ್ ತಂಡದ ನಾಯಕ ಮೆಕ್‌ಲಾರೆನ್ ಇವನ ವಿರುದ್ಧ ಆಡಲು ಒಪ್ಪಲೇ ಇಲ್ಲ. 1903-04ರಲ್ಲಿ ಬಂದ ವಾರ್ನರನ ತಂಡ ಬ್ಯಾಥರ್ಸ್ಟ್ ಊರಿನಲ್ಲಿ ಆಡಿತು. ಮಾರ್ಷ್ 55 ರನ್ನಿಗೆ 5 ವಿಕೆಟ್ ತೆಗೆದ. ವಾರ್ನರ್ ಹೊಗಳಿದ. ಆಯ್ಕೆಗಾರರು ಕದಲಲಿಲ್ಲ.

1916ರ ಮೇ ತಿಂಗಳಲ್ಲಿ ಆರೆಂಜ್ ಎಂಬ ಊರಿನ ಒಂದು ಹೋಟೆಲಿನ ಹೊರಗೆ ಮಾರ್ಷನನ್ನು ಹೊಡೆದು ಕೆಡವಿದರು. ಅವನು ಸತ್ತ. ಇಬ್ಬರು ಬಿಳಿಯರ ಮೇಲೆ ಮೊಕದ್ದಮೆ ನಡೆಯಿತು. ಆ ಇಬ್ಬರ ವಿಷಯದಲ್ಲಿ ಪಂಚರಿಗೆ ತೃಪ್ತಿಯಾಯಿತು, ಬಿಟ್ಟು ಕಳಿಸಿದರು.